ಉದ್ಧರಣೆಯಲ್ಲಿ ನೀರು ಕುಡಿಯುವ ಸಸಿಗಳು

ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಗ್ಯಾಸ್ ಬಿಲ್ಲಿಗೆ ಹೆದರಿ ನಮ್ಮ ಮನೆಯ ಹೀಟರನ್ನು 17 ಡಿಗ್ರಿಗೇ ನಿಲ್ಲಿಸುತ್ತೇವೆ. ಅಂಥ ಮನೆಯ ಅಡುಗೆಮನೆ ಕಿಟಕಿಯಲ್ಲಿ ನಾನು ಸ್ಲಿಪ್ಪರ್ ಆರ್ಕಿಡ್ ಸಸಿ ಬೆಳೆಸುತ್ತೇನೆ. ಬೆಂಗಳೂರಿನ ಬಸವನಗುಡಿಯಲ್ಲಿ ಅಮ್ಮನೂ ಬೆಳೆಸುತ್ತಾಳೆ. ಗಿಡ ಒಂದೇ ಜಾತಿ, ರೀತಿ ಬೇರೆ ಬೇರೆ. ಎರಡನ್ನೂ ಹತ್ತಿರದಿಂದ ನೋಡಿದ ಮೇಲೆ ಒಂದು ಮಾತು ಹೇಳಲೇಬೇಕು ಅನ್ನಿಸಿದೆ. ಈ ಸಸಿಗಳಿಗೆ ಬೆಂಗಳೂರಿನಷ್ಟು ಒಳ್ಳೆಯ ಊರು ಸಿಗುವುದು ಕಷ್ಟ. ಅದು ಬೆಂಗಳೂರಿನವರಿಗೇ ಗೊತ್ತಿಲ್ಲ.

ಗಿಡದ ಗುಣ ಮೊದಲು ಹೇಳುತ್ತೇನೆ. ಇದರ ಹೂವಿನ ಕೆಳಗಿನ ದಳ ಚಪ್ಪಲಿಯ ಮೂತಿಯ ಹಾಗೆ ಉಬ್ಬಿ ಚೀಲವಾಗಿರುತ್ತದೆ. ಪೂರ್ತಿ ಹೆಸರು ಪ್ಯಾಫಿಯೋಪೆಡಿಲಮ್, ಬೆಳೆಸುವವರ ಬಾಯಲ್ಲಿ ಪ್ಯಾಫ್. ನಮ್ಮ ಮಲೆನಾಡಿನ ಮರಗಳಲ್ಲಿ ತೂಗುವ ಸೀತಾಳೆ ದಂಡೆಗೆ ದೂರದ ನೆಂಟ. ಆದರೆ ಇದು ಕಾಡಿನ ನೆಲದ ಕೊಳೆತ ಎಲೆಗಳ ನಡುವೆ, ಬಂಡೆಯ ಸಂದಿಯಲ್ಲಿ ಬೆಳೆಯುವುದೇ ಜಾಸ್ತಿ. ಬೇರೆ ಎಷ್ಟೋ ಆರ್ಕಿಡ್‌ಗಳಿಗೆ ನೀರು ಕೂಡಿಡುವ ಗಡ್ಡೆಯಂಥ ಕಾಂಡ ಇರುತ್ತದೆ, ಇದಕ್ಕಿಲ್ಲ. ಹಾಗಾಗಿ ಬೇರು ಪೂರ್ತಿ ಒಣಗಲೂ ಬಾರದು, ನೀರಲ್ಲಿ ನಿಲ್ಲಲೂ ಬಾರದು.

ಮೊದಲ ವರ್ಷ ನಾನು ಇಪ್ಪತ್ತು ಸಸಿ ತಂದಿದ್ದೆ. ಬೀಜ ಮೊಳೆಸಿ ಬೆಳೆಸಿದ ಬಾಟಲಿಯಿಂದ ತೆಗೆದು, ಬೇರಿಗೆ ಅಂಟಿದ ಜೆಲ್ಲಿಯಂಥ ಅಗರ್ ತೊಳೆದು, ಸಣ್ಣ ತೊಗಟೆ ಚೂರು ಮತ್ತು ಪರ್ಲೈಟ್ ಎಂಬ ಹಗುರ ಬಿಳಿ ಹರಳು ಬೆರೆಸಿ ನೆಟ್ಟೆ. ಒಂದೊಂದೂ ಹೆಬ್ಬೆರಳಿನಷ್ಟು. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ನೀರು ಹಾಕುತ್ತಿದ್ದೆ. ಚಳಿಗಾಲದಲ್ಲೂ ಅದನ್ನೇ ಮುಂದುವರಿಸಿದೆ. ಮಾರ್ಚ್ ಹೊತ್ತಿಗೆ ಒಂಬತ್ತು ಉಳಿದಿದ್ದವು. ಸುಳಿ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಎಲೆ ಕೈಗೇ ಬರುತ್ತಿತ್ತು. ಚಳಿ ತಾಳದೆ ಸತ್ತವು ಅಂದುಕೊಂಡು ಕೆಳಗೆ ಹಾಸುವ ಹೀಟ್ ಮ್ಯಾಟ್ ಕೊಂಡೆ. ಆಮೇಲೆ ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. "ಚಳಿಗೆ ಯಾಕೋ ಸಾಯತ್ತೆ? ನೀನು ನೀರಲ್ಲಿ ಮುಳುಗಿಸಿದ್ದೀಯ," ಅಂದಳು. "ಬಟ್ಟೆ ಒಣಗೋಕೇ ಎರಡು ದಿನ ಬೇಕು ಅಂತೀಯ. ಆ ಪಾಟು ಹೇಗೆ ಒಣಗತ್ತೆ?"

ಅಮ್ಮ ಹೇಳಿದ್ದು ಸರಿಯಾಗಿತ್ತು. ತಂಪಿನಲ್ಲಿ ಸಸಿ ನಿಧಾನವಾಗುತ್ತದೆ, ನೀರು ಕುಡಿಯುವುದು ಕಡಿಮೆಯಾಗುತ್ತದೆ, ಕುಂಡದ ತೇವ ಆರುವುದೂ ತಡ. ಸುಳಿಯಲ್ಲಿ ನಿಂತ ಹನಿ ರಾತ್ರಿಯೆಲ್ಲ ಅಲ್ಲೇ ಇರುತ್ತದೆ, ಕೊಳೆ ರೋಗ ಅಲ್ಲಿಂದಲೇ ಶುರು. ಈಗ ನಾನು ಬೆಳಿಗ್ಗೆ ಮಾತ್ರ ನೀರು ಹಾಕುತ್ತೇನೆ, ಪಕ್ಕದಲ್ಲಿ ಒಂದು ಪುಟ್ಟ ಫ್ಯಾನ್ ತಿರುಗುತ್ತಿರುತ್ತದೆ. ಗೊಬ್ಬರ ಚಳಿಗಾಲದಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಹೀಟ್ ಮ್ಯಾಟ್ ಇದ್ದರೆ ಸಸಿ ಬೇಗ ಬೆಳೆಯುತ್ತದೆ, ನಿಜ. ಆದರೆ ಬುಡ ಬಿಸಿಯಾದಷ್ಟೂ ಬೇಗ ಒಣಗುತ್ತದೆ, ದಿನಾ ಕಾಯಬೇಕು. ನಾನು ಅದನ್ನು ಎತ್ತಿಟ್ಟೆ.

ಅಮ್ಮನ ರೀತಿ ನನಗೆ ಇಷ್ಟವಾಗುವುದು ಇಲ್ಲೇ. ಅವಳ ಹತ್ತಿರ ಥರ್ಮಾಮೀಟರ್ ಇಲ್ಲ. ಬೆಳಿಗ್ಗೆ ಕುಂಡವನ್ನು ಕೈಯಲ್ಲಿ ಎತ್ತಿ ತೂಕ ನೋಡುತ್ತಾಳೆ. ಹಗುರ ಅನ್ನಿಸಿದರೆ ಹಳೆಯ ಪೂಜೆ ಉದ್ಧರಣೆಯಲ್ಲಿ ಬುಡದ ಸುತ್ತ ನಾಲ್ಕೈದು ಸಲ ನೀರು. ಸುಳಿಗೆ ಒಂದು ಹನಿಯೂ ಬೀಳುವುದಿಲ್ಲ. ನೀರು ಮಾತ್ರ ಮಳೆಯದ್ದೇ ಆಗಬೇಕು. ನಮ್ಮ ಬೋರ್‌ವೆಲ್ ನೀರು ಗಡಸು, ಎಲೆಯ ತುದಿ ಸುಟ್ಟ ಹಾಗಾಗುತ್ತದೆ. ಎಡಿನ್‌ಬರೋದ ನಲ್ಲಿ ನೀರು ಮೆದು, ನೇರವಾಗಿ ಹಾಕಬಹುದು. ಬೆಂಗಳೂರಿನಲ್ಲಿ ದೊಡ್ಡ ಸೈಟುಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಗಿದ್ದು 2009ರಲ್ಲಿ. ನಮ್ಮದು ಸಣ್ಣ ಸೈಟು, ಆದರೂ ತಾರಸಿಯ ಪೈಪಿಗೆ ಅಮ್ಮ ಒಂದು ಡ್ರಮ್ ಇಡಿಸಿದ್ದಾಳೆ.

ಇನ್ನು ತಂಪು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಜನವರಿಯ ರಾತ್ರಿ ಹೊರಗೆ 15-16 ಡಿಗ್ರಿ ಆದರೆ ಅಮ್ಮನ ಉತ್ತರದ ಕೋಣೆಯಲ್ಲಿ ಇನ್ನೂ ಸ್ವಲ್ಪ ಬೆಚ್ಚಗೆ. ಮೇಘಾಲಯದ ಬೆಟ್ಟಗಳಿಂದ ಬಂದ ಇನ್ಸಿಗ್ನೆಯಂಥ, ಹಸಿರು ಎಲೆಯ ಪ್ಯಾಫ್‌ಗಳಿಗೆ ಆ ಹವೆ ಹೇಳಿ ಮಾಡಿಸಿದ್ದು. ಎಲೆಯ ಮೇಲೆ ಮಚ್ಚೆ ಇರುವ ಜಾತಿಗಳಲ್ಲಿ ಹೆಚ್ಚಿನವು ಸ್ವಲ್ಪ ಬೆಚ್ಚಗಿರಬೇಕು ಅನ್ನುತ್ತವೆ. ಅವೂ ಅಲ್ಲಿ ಚೆನ್ನಾಗಿವೆ. ಕಷ್ಟ ಇರುವುದು ಏಪ್ರಿಲ್‌ನಲ್ಲಿ. ಆಗ ಅಮ್ಮ ಎಲ್ಲವನ್ನೂ ಬಚ್ಚಲಿನ ಪಕ್ಕದ ರೆಡ್ ಆಕ್ಸೈಡ್ ನೆಲಕ್ಕೆ ಇಳಿಸುತ್ತಾಳೆ. ಮನೆಯಲ್ಲಿ ಅದಕ್ಕಿಂತ ತಂಪಾದ ಜಾಗ ಇಲ್ಲ.

ಎಡಿನ್‌ಬರೋದವರಿಂದ ನಾವು ಕಲಿಯಬೇಕಾದದ್ದು ಹೆಸರಿನ ಶಿಸ್ತು. ಅಲ್ಲಿ ಸಸಿಯ ಜೊತೆ ತಂದೆತಾಯಿ ಗಿಡದ ಹೆಸರು ಬರೆದ ಚೀಟಿ ಇದ್ದೇ ಇರುತ್ತದೆ. ಎಲ್ಲಿ ಬೆಳೆದದ್ದು ಅಂತ ಕೇಳದೆ ಯಾರೂ ಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಒಮ್ಮೆ ನನಗೆ ಒಬ್ಬರು ಗಿಡ ತೋರಿಸಿದರು. ಬೇರಿನಲ್ಲಿ ಪಾಚಿ, ಕಲ್ಲಿನ ಚೂರು. ಕಾಡಿನಿಂದ ಕಿತ್ತದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಎಷ್ಟು ಸಂಕಟವಾಯಿತು ಅಂದರೆ ಆ ದಿನ ಊಟ ಸೇರಲಿಲ್ಲ. ನಮ್ಮ ದಕ್ಷಿಣ ಭಾರತಕ್ಕೆ ಇರುವುದು ಒಂದೇ ಪ್ಯಾಫ್, ಕೇರಳ-ತಮಿಳುನಾಡು ಗಡಿಯ ಅಗಸ್ತ್ಯಮಲೆ ಬೆಟ್ಟಗಳ ಡ್ರೂರಿಐ. ಹೀಗೆ ಕಿತ್ತೂ ಕಿತ್ತೂ ಅದು ಅಳಿವಿನ ಅಂಚಿಗೆ ಬಂದಿದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಪ್ಯಾಫ್‌ಗಳಿಗೆ ರಕ್ಷಣೆ ಇದೆ. ಆದರೂ ಕೊಳ್ಳುವವರು ಇರುವ ತನಕ ಕೀಳುವವರು ಇರುತ್ತಾರೆ ಅಲ್ವಾ?

ಕಾಡಿಗೆ ಕೈ ಹಾಕುವ ಅಗತ್ಯವೇ ಇಲ್ಲ. ಇದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರ ಇರುವುದಿಲ್ಲ. ಕಾಡಿನಲ್ಲಿ ಶಿಲೀಂಧ್ರ ಉಣಿಸಿದರೆ ಮಾತ್ರ ಮೊಳಕೆ. ಸಕ್ಕರೆ ಬೆರೆಸಿದ ಅಗರ್ ಮೇಲೆ ಆರ್ಕಿಡ್ ಬೀಜವನ್ನು ಶಿಲೀಂಧ್ರದ ನೆರವಿಲ್ಲದೆ ಮೊಳೆಸಬಹುದು ಎಂದು ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನಡ್ಸನ್ 1922ರಲ್ಲೇ ತೋರಿಸಿದರು. ಬಾಟಲಿ ಸಸಿಗಳ ದಾರಿ ತೆರೆದದ್ದು ಅಲ್ಲಿಂದ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಿಂದ ಅರಳಿದ ಆರ್ಕಿಡ್ ಹಿಡಿದು ಬರುವ ನನ್ನ ನೆಂಟರಿಗೆಲ್ಲ ನಾನು ಕೇಳುವುದು ಇಷ್ಟೇ. ಮುಂದಿನ ಸಲ ಹೂವಿನ ಗಿಡ ಬೇಡ, ಬಾಟಲಿಯಲ್ಲಿ ಬೆಳೆದ ನಾಲ್ಕು ಸಸಿ ತನ್ನಿ. ಹೂವಿಗೆ ನಾಲ್ಕೈದು ವರ್ಷ ಕಾಯಬೇಕು. ಬೀಜದಿಂದ ಬಂದದ್ದರಿಂದ ಒಂದರ ಹೂ ಇನ್ನೊಂದರ ಹಾಗಿರುವುದಿಲ್ಲ. ನಿಮ್ಮ ಮನೆಯಲ್ಲಿ ಅರಳುವ ಹೂ ಬೇರೆ ಯಾರ ಮನೆಯಲ್ಲೂ ಇರುವುದಿಲ್ಲ.

ಅಮ್ಮನ ಸಸಿಗಳಿಗೆ ಈಗ ನಾಲ್ಕು ವರ್ಷ. ಎಲೆ ಒಂದು ಗೇಣು ಬಂದಿದೆ. ಹೋದ ಸಲ ಹೋದಾಗ ಎಲ್ಲಕ್ಕೂ ಹೆಸರಿನ ಚೀಟಿ ಬರೆದು ಸಿಕ್ಕಿಸಿ ಬಂದೆ. ನನ್ನ ಕಿಟಕಿಯ ಒಂಬತ್ತಕ್ಕೆ ನೀರು ಹಾಕಲು ಅಮ್ಮ ಇನ್ನೊಂದು ಉದ್ಧರಣೆ ಕೊಟ್ಟು ಕಳಿಸಿದ್ದಾಳೆ.