ಒಟ್ಟು 384 ಮುಯ್ಯಿ

ನಲವತ್ತೊಂದನೇ ವಯಸ್ಸಿಗೆ ನಾನು ಪಿಎಚ್‌ಡಿಗೆ ಸೇರಿಕೊಂಡೆ. ಡಿಗ್ರಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಡುವ ಮೇಷ್ಟ್ರು ನಾನು. ಹದಿನಾರು ವರ್ಷದಿಂದ ಸಮಾಜದ ಬಗ್ಗೆ ಮಾತಾಡಿದ್ದೇನೆ. ಸಮಾಜದ ಜೊತೆ ಮಾತಾಡಿದ್ದು ಕಡಿಮೆ.

ನಮ್ಮ ಗೈಡು ಮೊದಲ ದಿನವೇ ಕೇಳಿದರು, ‘ಗುಣಾತ್ಮಕವೋ, ಪರಿಮಾಣಾತ್ಮಕವೋ?’

ನಾನು ತಲೆ ಕೆರೆದುಕೊಂಡೆ. ಅವರೇ ಹೇಳಿದರು. ‘ಕ್ವಾಂಟಿಟೇಟಿವ್ ಮಾಡ್ರೀ. ಗುಣಾತ್ಮಕ ಅಂದ್ರೆ ಊರಿಗೆ ಹೋಗಬೇಕು, ಜಗಲಿ ಮೇಲೆ ಕೂರಬೇಕು, ಅವರು ಕೊಟ್ಟ ಟೀ ಕುಡೀಬೇಕು, ಹೇಳಿದ್ದೆಲ್ಲ ಬರ್ಕೋಬೇಕು. ಇದಾದ್ರೆ ಒಂದು ಫಾರ್ಮು, ನಾಲ್ಕು ಟೇಬಲ್ಲು. ಮುಗೀತು.’

ಹೀಗೆ ವಿಷಯ ಹುಟ್ಟಿತು. ‘ತುಮಕೂರು ಜಿಲ್ಲೆಯ ಬೀದಿಬದಿ ಹೂವು ಮಾರುವ ಮಹಿಳೆಯರಲ್ಲಿ ಡಿಜಿಟಲ್ ಪಾವತಿಯ ಕುರಿತ ಧೋರಣೆ: ಒಂದು ಪರಿಮಾಣಾತ್ಮಕ ಅಧ್ಯಯನ’. ಹೂವಿನ ಮಾತು ಸದ್ಯಕ್ಕೆ ಇಷ್ಟೇ. ಮತ್ತೆ ಹೂವು ಕಾಣುವುದು ಈ ಬರಹದ ಕೊನೆಯಲ್ಲಿ. ನಾನೂ ಅಷ್ಟೇ ತಡವಾಗಿ ಕಂಡಿದ್ದು.

ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿ ಮಾಡುವವರಿಗೆ ಕನಿಷ್ಠ 12 ಕ್ರೆಡಿಟ್ಟಿನ ಕೋರ್ಸ್‌ವರ್ಕ್ ಕಡ್ಡಾಯ. ಸಂಶೋಧನಾ ವಿಧಾನ ಅದರಲ್ಲಿ ಇರಲೇಬೇಕು. ನಾನು ಅದನ್ನು ಆನ್‌ಲೈನಿನಲ್ಲಿ ಕಲಿತೆ. ಕಲಿತ ಜಾಗ ಅಡುಗೆಮನೆ. ಕಾಲ ಅವರೆಕಾಯಿಯದು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ವೇಗವನ್ನು ಎರಡು ಪಟ್ಟಿಗೆ ಇಟ್ಟು, ನಾನು ಮತ್ತು ನನ್ನ ಹೆಂಡತಿ ಎದುರುಬದುರು ಕೂತು ಕಾಳು ಹಿಚುಕುತ್ತಿದ್ದೆವು. ಎರಡು ಪಟ್ಟು ವೇಗದಲ್ಲಿ ಆ ಮೇಡಂ ಸರಾಸರಿ, ಮಧ್ಯಾಂಕ, ಬಹುಲಕ ಹೇಳುವುದು ಕೇಳಿದರೆ ಕಬಡ್ಡಿ ಕಾಮೆಂಟ್ರಿ ಕೇಳಿದ ಹಾಗಿತ್ತು. ಪಾಠದ ತಪ್ಪಲ್ಲ. ಪಾಠ ಚೆನ್ನಾಗೇ ಇತ್ತು. ನನಗೆ ಸ್ವಲ್ಪ ಅವಸರವಿತ್ತು, ಅಷ್ಟೇ.

ವಾರಕ್ಕೊಂದು ಕ್ವಿಜ್. ನಾಲ್ಕರಲ್ಲಿ ಒಂದು ಸರಿ. ಉತ್ತರಗಳು ಭಾನುವಾರ ಬೆಳಗ್ಗೆ ನಮ್ಮ ವಾಟ್ಸಾಪ್ ಗುಂಪಿಗೆ ಬಂದುಬಿಡುತ್ತಿದ್ದವು. ಯಾರು ಹಾಕುತ್ತಿದ್ದರೋ, ಅವರ ಹೊಟ್ಟೆ ತಣ್ಣಗಿರಲಿ. ಒಂದು ವಾರ ಸಂಶೋಧನಾ ನೀತಿಯ ಕ್ವಿಜ್ ಇತ್ತು. ನಕಲು ಯಾಕೆ ತಪ್ಪು ಅನ್ನುವ ಪ್ರಶ್ನೆಗೂ ಉತ್ತರ ಗುಂಪಿನಿಂದಲೇ ಬಂತು. 78 ಪರ್ಸೆಂಟ್ ತೆಗೆದೆ.

ನನ್ನ ಹೆಂಡತಿ ಮಾತ್ರ ಬೇರೆ ಕೆಲಸವಿಲ್ಲದೆ ಪಾಠ ಕೇಳಿಸಿಕೊಂಡಿದ್ದಳು. ಅದೇ ಮುಂದೆ ತೊಂದರೆಯಾಯಿತು.

ಆ ಕೋರ್ಸಿನಲ್ಲಿ ನನಗೆ ಗಟ್ಟಿಯಾಗಿ ನೆನಪು ನಿಂತಿದ್ದು ಒಂದೇ ಸಂಖ್ಯೆ, 384. ಸಮಾಜವಿಜ್ಞಾನದ ಯಾವ ಸಂಶೋಧಕನನ್ನು ಮಧ್ಯರಾತ್ರಿ ಎಬ್ಬಿಸಿ ‘ಸ್ಯಾಂಪಲ್ ಎಷ್ಟು?’ ಅಂತ ಕೇಳಿ, ಕಣ್ಣು ಬಿಡುವ ಮೊದಲೇ ಮುನ್ನೂರ ಎಂಬತ್ತನಾಲ್ಕು ಅನ್ನುತ್ತಾನೆ. ಕ್ರೆಜ್ಸಿ ಮತ್ತು ಮಾರ್ಗನ್ ಅನ್ನುವ ಇಬ್ಬರು 1970ರಲ್ಲಿ ಒಂದು ಕೋಷ್ಟಕ ಪ್ರಕಟಿಸಿದರು. ಅದರ ಕೊನೆಯ ಸಾಲಿನಲ್ಲಿ ಇರುವ ಸಂಖ್ಯೆ ಇದು. ಜನ ಹತ್ತು ಲಕ್ಷ ಇದ್ದರೂ 384, ಒಂದು ಕೋಟಿ ಇದ್ದರೂ 384. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಜನ 26 ಲಕ್ಷದ ಮೇಲೆ, ಇಡೀ ಕರ್ನಾಟಕದ್ದು 6 ಕೋಟಿ 11 ಲಕ್ಷ. ಎರಡಕ್ಕೂ ಅದೇ 384 ಸಾಕು. ಗಣಿತದ ಪ್ರಕಾರ ಇದು ಸರಿಯೇ, ಅದರಲ್ಲಿ ಮೋಸವಿಲ್ಲ. ಒಂದು ಷರತ್ತು ಮಾತ್ರ ಉಂಟು. ಎಲ್ಲರ ಹೆಸರನ್ನೂ ಚೀಟಿ ಬರೆದು ಡಬ್ಬಕ್ಕೆ ಹಾಕಿ, ಕಣ್ಣು ಮುಚ್ಚಿ ಎತ್ತಿದಂತೆ ಆಯ್ಕೆ ಆಗಿರಬೇಕು. ಪ್ರತಿಯೊಬ್ಬರಿಗೂ ಸಮಾನ ಅವಕಾಶ ಸಿಕ್ಕಿರಬೇಕು.

ಸಂಖ್ಯೆ ಎಲ್ಲರಿಗೂ ಬಾಯಿಪಾಠ. ಷರತ್ತು ಬಂದಾಗ ವಿಡಿಯೊ ಎರಡು ಪಟ್ಟು ವೇಗದಲ್ಲಿತ್ತು.

ನಾನು ಗೂಗಲ್ ಫಾರ್ಮ್ ಮಾಡಿ ವಾಟ್ಸಾಪಿಗೆ ಬಿಟ್ಟೆ. ಕುಟುಂಬದ ಗುಂಪು, ಬಿ.ಎಡ್. ಬ್ಯಾಚಿನ ಗುಂಪು, ಅಪಾರ್ಟ್‌ಮೆಂಟಿನ ನೀರಿನ ಗುಂಪು.

‘ರೀ,’ ಅಂದಳು ಹೆಂಡತಿ. ‘ಯಾರಿಗೆ ಬೇಕಾದ್ರೂ ಚಾನ್ಸ್ ಸಿಗಬೇಕು ಅಂದ್ರಲ್ಲ ಆ ಮೇಡಂ? ನೀವು ನಮ್ಮ ಅಣ್ಣನಿಗೆ ಯಾಕೆ ಕಳಿಸ್ತಿದೀರಿ? ಅವನು ವೈಟ್‌ಫೀಲ್ಡಲ್ಲಿ ಸಾಫ್ಟ್‌ವೇರ್‌ನಲ್ಲಿದ್ದಾನೆ.’

‘ಇದಕ್ಕೆ ಅನುಕೂಲ ಮಾದರಿ ಅಂತಾರೆ,’ ಅಂದೆ. ಹಾಗೆ ಒಂದು ಪಾರಿಭಾಷಿಕ ಪದ ನಿಜವಾಗಿಯೂ ಇದೆ. ಪುಸ್ತಕದಲ್ಲೇ ಇದೆ. ನಮ್ಮ ಆಲಸ್ಯಗಳಿಗೆಲ್ಲ ಸಂಶೋಧನಾ ವಿಧಾನದವರು ಒಂದೊಂದು ಒಳ್ಳೆಯ ಹೆಸರಿಟ್ಟು ಉಪಕಾರ ಮಾಡಿದ್ದಾರೆ.

‘ಯಾರಿಗೆ ಅನುಕೂಲ?’ ಅಂತ ಕೇಳಿ ಅವಳು ಸಿಪ್ಪೆ ಎತ್ತಿಕೊಂಡು ಹೋದಳು.

ಅವಳ ಅನುಮಾನಕ್ಕೆ ಹಳೆಯ ಕತೆಯೊಂದು ಇದೆ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಅನ್ನುವ ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡು ಕಳಿಸಿತು. ವಿಳಾಸ ಸಿಕ್ಕಿದ್ದು ಟೆಲಿಫೋನ್ ಡೈರೆಕ್ಟರಿ, ಕಾರಿನ ನೋಂದಣಿ ಪಟ್ಟಿಗಳಿಂದ. ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಉತ್ತರ ವಾಪಸ್ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಬರೆಯಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಆ ಕಷ್ಟದ ಕಾಲದಲ್ಲಿ ಫೋನು, ಕಾರು ಇದ್ದವರನ್ನು ಕೇಳಿ ಇಲ್ಲದವರ ಮನಸ್ಸು ಹೇಳಲು ಹೋಗಿದ್ದರು. ಎರಡು ವರ್ಷದಲ್ಲಿ ಪತ್ರಿಕೆಯೇ ನಿಂತುಹೋಯಿತು. ಇದೂ ಮೂರನೇ ವಾರದ ವಿಡಿಯೊದಲ್ಲಿತ್ತು. ಆಗ ಕುಕ್ಕರ್ ಕೂಗುತ್ತಿತ್ತು.

ಫಾರ್ಮು ತುಂಬಲಿಲ್ಲ. ವಾರವಾದರೂ 31. ಆಗ ಒಬ್ಬ ಸಹಸಂಶೋಧಕರು ದಾರಿ ತೋರಿಸಿದರು. ‘ಸಾರ್, ನನ್ನ ಫಾರ್ಮ್ ನೀವು ತುಂಬಿ, ನಿಮ್ಮದು ನಾನು ತುಂಬ್ತೀನಿ. ನಮ್ಮಲ್ಲಿ ಎಲ್ಲರೂ ಹೀಗೇ.’

ಹಳ್ಳಿಯಲ್ಲಿ ರಾಗಿ ಕುಯ್ಯುವಾಗ ಮುಯ್ಯಾಳು ಅಂತ ಇತ್ತಲ್ಲ, ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನಮ್ಮ ಹೊಲಕ್ಕೆ ನೀವು? ಅದು ಸತ್ತುಹೋಯಿತು ಅಂತ ನಾನೇ ಕ್ಲಾಸಿನಲ್ಲಿ ದುಃಖದಿಂದ ಹೇಳುತ್ತಿದ್ದೆ. ಸತ್ತಿಲ್ಲ. ಗೂಗಲ್ ಫಾರ್ಮಿನಲ್ಲಿ ಬದುಕಿದೆ. ಮದುವೆ ಮುಯ್ಯಿಗೆ ನಮ್ಮಜ್ಜಿ ಪುಸ್ತಕ ಇಟ್ಟಂತೆ ನಾನೂ ಒಂದು ನೋಟ್‌ಬುಕ್ ಇಟ್ಟೆ. ಯಾರಿಗೆ ಎಷ್ಟು ತುಂಬಿದೆ, ಅವರಿಂದ ಎಷ್ಟು ಬಂತು. ಆ ಎರಡು ತಿಂಗಳಲ್ಲಿ ನಾನು ಗಾರ್ಮೆಂಟ್ಸ್ ನೌಕರಳಾದೆ, ರಾಯಚೂರಿನ ಹತ್ತಿ ರೈತನಾದೆ, ಹದಿಹರೆಯದ ತಾಯಿಯಾದೆ, ನಿವೃತ್ತ ಸೈನಿಕನಾದೆ. ಕರಾವಳಿಯ ಮೀನುಗಾರ ಮಹಿಳೆಯಾಗಿ ನನ್ನ ಉದ್ಯೋಗ ತೃಪ್ತಿ ಐದಕ್ಕೆ ನಾಲ್ಕು. ಮೇಷ್ಟ್ರಾಗಿ ಯಾರೂ ಕೇಳಲಿಲ್ಲ.

ಪ್ರಶ್ನೆಗಳ ಬಗ್ಗೆಯೂ ಹೇಳಬೇಕು. ಐದು ಅಂಕದ ಈ ಅಳತೆಗೋಲನ್ನು 1932ರಲ್ಲಿ ರೆನ್ಸಿಸ್ ಲಿಕರ್ಟ್ ಅನ್ನುವವರು ತಂದರು. ಅವರ ಹೆಸರು ಲಿಕರ್ಟ್. ಇಡೀ ದೇಶ ಲೈಕರ್ಟ್ ಅನ್ನುತ್ತದೆ, ಬಹುಶಃ ಲೈಕ್ ಒತ್ತಿ ಅಭ್ಯಾಸವಾಗಿ. ಅದನ್ನು ಕನ್ನಡಕ್ಕೆ ತಂದಾಗ ‘ದೃಢವಾಗಿ ಸಮ್ಮತಿಸುತ್ತೇನೆ’ಯಿಂದ ‘ದೃಢವಾಗಿ ಅಸಮ್ಮತಿಸುತ್ತೇನೆ’ವರೆಗೆ ಐದು ಮೆಟ್ಟಿಲಾಯಿತು. ನಮ್ಮ ಕಡೆ ಗಂಡ ಹೆಂಡತಿ ಪಾತ್ರೆ ಎಸೆದಾಡುವಾಗಲೂ ಯಾರೂ ‘ದೃಢವಾಗಿ ಅಸಮ್ಮತಿಸುತ್ತೇನೆ’ ಅಂದಿದ್ದು ನಾನು ಕೇಳಿಲ್ಲ.

ನಮ್ಮ ಅಳತೆಗೋಲು ಬೇರೆಯೇ ಇದೆ. ಅದರಲ್ಲಿ ಇರುವುದು ಒಂದೇ ಮೆಟ್ಟಿಲು, ‘ಪರವಾಗಿಲ್ಲ’. ಮದುವೆ ಊಟ ಹೇಗಿತ್ತು? ‘ಪರವಾಗಿಲ್ಲ’ ಅಂದರೆ ಸಾರಿಗೆ ಉಪ್ಪಿರಲಿಲ್ಲ, ಹೋಳಿಗೆ ಮುಗಿದಿತ್ತು. ಮಗ ಎಸ್‌ಎಸ್‌ಎಲ್‌ಸಿಯಲ್ಲಿ ಹೇಗೆ ಮಾಡಿದ? ‘ಪರವಾಗಿಲ್ಲ’ ಅಂದರೆ 96 ಪರ್ಸೆಂಟ್. ಆಪರೇಷನ್ ಆದವರು ಹಾಸಿಗೆಯಿಂದ ಹೇಳುವ ‘ಪರವಾಗಿಲ್ಲ’ವೇ ಬೇರೆ, ಸೊಸೆಯ ಬಗ್ಗೆ ಅತ್ತೆ ಹೇಳುವ ‘ಹೂಂ, ಪರವಾಗಿಲ್ಲ’ವೇ ಬೇರೆ. ಎಷ್ಟು ಎಳೆದರು, ತಲೆ ಯಾವ ಕಡೆ ಆಡಿಸಿದರು, ಎದುರಿಗೆ ಯಾರಿದ್ದರು ಅಂತ ನೋಡಿ ಅರ್ಥ ಮಾಡಿಕೊಳ್ಳಬೇಕು. ಇಷ್ಟನ್ನೂ ನನ್ನ ಫಾರ್ಮು ‘ತಟಸ್ಥ’ ಅಂತ ಬರೆದುಕೊಂಡಿತು. ಅಂಕ ಮೂರು.

ಇದೇ ನೆಲದಲ್ಲಿ ಲೆಕ್ಕ ಹಾಕಿದವರೂ ಇದ್ದರು. ಸ್ಕಾರ್ಲೆಟ್ ಎಪ್‌ಸ್ಟೈನ್ ಅನ್ನುವ ಮಾನವಶಾಸ್ತ್ರಜ್ಞೆ 1954ರಲ್ಲಿ ಮಂಡ್ಯ ಜಿಲ್ಲೆಗೆ ಬಂದರು. ವಂಗಲ, ದಲೇನ ಅಂತ ಅಡ್ಡಹೆಸರಿಟ್ಟು ಎರಡು ಹಳ್ಳಿಗಳಲ್ಲಿ ಉಳಿದು, ಮನೆ ಮನೆಯ ಖರ್ಚುವೆಚ್ಚ ಬರೆದುಕೊಂಡರು. ಅವರದೂ ಪರಿಮಾಣಾತ್ಮಕವೇ, ಸಂಖ್ಯೆಯೇ. ನಾಲೆ ನೀರು ಬಂದ ಊರು ಹಳೇ ಪದ್ಧತಿಯಲ್ಲೇ ಉಳಿಯಿತು, ನೀರು ಹತ್ತದ ಊರಿನ ಜನವೇ ಹೊರಗೆ ದುಡಿಯಲು ಹೋಗಿ ಜಾಸ್ತಿ ಬದಲಾದರು ಅನ್ನುವುದು ಅವರಿಗೆ ಕಂಡಿದ್ದು ಹಾಗೆ. ಪಾಪ, ಆಗ ಫಾರ್ವರ್ಡ್ ಮಾಡುವ ಅನುಕೂಲ ಇರಲಿಲ್ಲ.

384 ತುಂಬಿತು. ನೋಡಿದರೆ ನನ್ನ ಹೂವು ಮಾರುವ ಮಹಿಳೆಯರಲ್ಲಿ ಮುಕ್ಕಾಲು ಪಾಲು ಸ್ನಾತಕೋತ್ತರ ಪದವೀಧರರು. ಹಲವರು ಕಾಲೇಜು ಮೇಷ್ಟ್ರಾಗಲು ಬರೆಯುವ ನೆಟ್ ಪರೀಕ್ಷೆ ಪಾಸು. ಹೆಂಡತಿಯ ಅಣ್ಣ ವಿಧವೆ ಅಂತ ತುಂಬಿದ್ದರು.

ದತ್ತಾಂಶವನ್ನು ಎತ್ತಿಕೊಂಡು ಯೂನಿವರ್ಸಿಟಿ ಗೇಟಿನ ಎದುರಿನ ಅಂಗಡಿಗೆ ಹೋದೆ. ಬೋರ್ಡಿನಲ್ಲಿ ಹೀಗಿತ್ತು: ‘ಜೆರಾಕ್ಸ್, ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್, ಎಸ್‌ಪಿಎಸ್‌ಎಸ್ ಮಾಡಿಕೊಡಲಾಗುವುದು’. ಎಸ್‌ಪಿಎಸ್‌ಎಸ್ ಅಂದರೆ ಅಂಕಿಅಂಶದ ಲೆಕ್ಕ ಹಾಕುವ ಸಾಫ್ಟ್‌ವೇರ್. ಅಂಗಡಿಯಲ್ಲಿ ಬಿ.ಕಾಂ. ಓದಿದ ಹುಡುಗ. ಪೆನ್‌ಡ್ರೈವ್ ಹಾಕಿ ಎರಡು ನಿಮಿಷ ಒತ್ತಿದ.

‘ಸಾರ್, ಆಲ್ಫಾ 0.61. ಇದು ಆಗಲ್ಲ.’

‘ಎಷ್ಟು ಬೇಕು?’

‘0.7 ದಾಟಬೇಕು ಸಾರ್. ಹನ್ನೆರಡನೇ ಪ್ರಶ್ನೆ ತೆಗೆದ್ರೆ 0.83 ಆಗುತ್ತೆ. ತೆಗೀಲಾ?’

ಆಲ್ಫಾ ಅಂದರೆ ಕ್ರೋನ್‌ಬಾಕ್ 1951ರಲ್ಲಿ ಕೊಟ್ಟ ಅಳತೆ. ಪ್ರಶ್ನೆಗಳೆಲ್ಲ ಒಂದೇ ವಿಷಯವನ್ನು ಹೊಂದಿಕೊಂಡು ಅಳೆಯುತ್ತಿವೆಯೇ ಅಂತ ಅದು ಹೇಳುತ್ತದೆ. ಯಾವ ಪ್ರಶ್ನೆ ತೆಗೆದರೆ ಆಲ್ಫಾ ಎಷ್ಟಾಗುತ್ತದೆ ಅಂತ ತೋರಿಸುವ ಒಂದು ಕಾಲಂ ಎಸ್‌ಪಿಎಸ್‌ಎಸ್‌ನಲ್ಲೇ ಇದೆ. ಹುಡುಗ ಅದನ್ನು ನೋಡಿ ಹೇಳಿದ್ದ. ನಾನು ಹನ್ನೆರಡನೇ ಪ್ರಶ್ನೆ ಯಾವುದು ಅಂತ ನೋಡಿದೆ. ‘ಡಿಜಿಟಲ್ ಪಾವತಿಯಿಂದ ನನಗೆ ತೊಂದರೆಯೇ ಜಾಸ್ತಿ.’ ಇದು ತಿರುಗಿಸಿ ಕೇಳಿದ ಪ್ರಶ್ನೆ. ಓದದೆ ಟಿಕ್ ಮಾಡುವವರನ್ನು ಹಿಡಿಯಲು ಇಂಥದೊಂದು ಇಡಿ ಅಂತ ಮೇಡಂ ಹೇಳಿದ್ದರು. ನನ್ನವರು ‘ಅನುಕೂಲವಾಗಿದೆ’ ಅನ್ನುವುದಕ್ಕೂ ನಾಲ್ಕು ಒತ್ತಿದ್ದರು, ‘ತೊಂದರೆಯಾಗಿದೆ’ ಅನ್ನುವುದಕ್ಕೂ ನಾಲ್ಕು ಒತ್ತಿದ್ದರು. ಇಡೀ ಫಾರ್ಮಿನಲ್ಲಿ ನಿಯತ್ತಾಗಿ ಕೆಲಸ ಮಾಡಿದ್ದು ಆ ಪ್ರಶ್ನೆ ಒಂದೇ. ಕಳ್ಳರನ್ನು ಕಂಡು ಬೊಗಳಿದ್ದಕ್ಕೆ ನಾಯಿಗೇ ಕಲ್ಲು ಬಿತ್ತು.

‘ತೆಗಿ,’ ಅಂದೆ.

ಮುಂದೆ ಪಿ ವ್ಯಾಲ್ಯೂ. ನಿಜಕ್ಕೂ ಸಂಬಂಧವೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆ ಎಷ್ಟು ಅಂತ ಅದು ಹೇಳುತ್ತದೆ. ಅದು 0.05ಕ್ಕಿಂತ ಕಡಿಮೆ ಇರಬೇಕು ಅನ್ನುವ ಗೆರೆ 1925ರ ರೊನಾಲ್ಡ್ ಫಿಶರ್ ಪುಸ್ತಕದಿಂದ ಜನಪ್ರಿಯವಾಯಿತು. ಅನುಕೂಲಕ್ಕೆ ಅಂತ ಎಳೆದ ಗೆರೆ ಈಗ ಲಕ್ಷ್ಮಣರೇಖೆ. ನನ್ನದು 0.058 ಬಂತು. ಹುಡುಗ ಡಾಕ್ಟರ ಮುಖ ಮಾಡಿದ.

‘ಮೂರು ಜನ ಔಟ್‌ಲೈಯರ್ ಇದಾರೆ ಸಾರ್. ಇಬ್ಬರು ಓದಿಲ್ಲ, ಒಬ್ಬರು ನಾಲ್ಕನೇ ಕ್ಲಾಸು. ಎಲ್ಲರ ಥರ ಇಲ್ಲ. ಇತರೆ ಅನ್ನೋ ಕಡೆ ಏನೇನೋ ಉದ್ದಕ್ಕೆ ಬರೆದಿದಾರೆ. ಅಕ್ಷರ ಇದ್ರೆ ನಮಗೆ ಲೆಕ್ಕಕ್ಕೆ ಬರಲ್ಲ. ತೆಗೆದ್ರೆ 0.041.’

ತೆಗೆಸಿದೆ. ಆದರೆ 381 ಆಯಿತು, ಕೋಷ್ಟಕಕ್ಕೆ ಅವಮಾನ. ಹೋದ ಮೂವರ ಜಾಗಕ್ಕೆ ನಾನು, ಆ ಹುಡುಗ, ಅವನ ತಮ್ಮ ಹೂವು ಮಾರುವ ಮಹಿಳೆಯರಾಗಿ ಕೂತೆವು. ಹೆಂಡತಿಗೆ ಫೋನ್ ಮಾಡಿ ಕೇಳಿದ್ದೆ. ‘ನನಗೆ ಹೂವು ಕಟ್ಟೋಕೇ ಬರಲ್ಲ’ ಅಂತ ಇಟ್ಟುಬಿಟ್ಟಳು.

ಮಂಡನೆ ಚೆನ್ನಾಗಾಯಿತು. ವಿದ್ಯಾಭ್ಯಾಸ ಹೆಚ್ಚಿದಂತೆ ಹೂವು ಮಾರುವ ಮಹಿಳೆಯರಲ್ಲಿ ಡಿಜಿಟಲ್ ಪಾವತಿಯ ಬಗ್ಗೆ ಸಕಾರಾತ್ಮಕ ಧೋರಣೆ ಹೆಚ್ಚುತ್ತದೆ ಅಂತ ಸಾಬೀತಾಯಿತು. ‘ಮುಂದೆ ಇದನ್ನೇ ಹಾಸನಕ್ಕೆ ಮಾಡಿ’ ಅಂದರು ಒಬ್ಬರು. ಉಪ್ಪಿಟ್ಟು, ಕೇಸರಿಬಾತ್ ಇತ್ತು. ಪರವಾಗಿಲ್ಲ.

ಮಾರನೇ ದಿನ ಕಾರಿಡಾರಿನಲ್ಲಿ ಎರಡನೇ ವರ್ಷದ ಹುಡುಗಿಯೊಬ್ಬಳು ನಿಲ್ಲಿಸಿದಳು. ‘ಸಾರ್, ಅಮ್ಮ ಕೇಳ್ತಿದ್ರು, ಅವರು ಹೇಳಿದ್ದು ನಿಮ್ಮ ಬುಕ್ಕಲ್ಲಿ ಬಂತಾ ಅಂತ.’

‘ಯಾವ ಅಮ್ಮ?’

‘ಬಸ್‌ಸ್ಟ್ಯಾಂಡ್ ಹತ್ರ ಹೂವು ಮಾರ್ತಾರಲ್ಲ ಸಾರ್. ಅಮ್ಮ, ಚಿಕ್ಕಮ್ಮ, ಪಕ್ಕದ ಗಾಡಿಯವರು. ಮೂರು ಜನರದ್ದೂ ನಾನೇ ಕೂತು ಕೇಳಿ ಕೇಳಿ ತುಂಬಿದ್ದೆ. ಒಂದೊಂದಕ್ಕೂ ಒಂದು ಗಂಟೆ ಆಯ್ತು.’

ಸಂಜೆ ಬಸ್‌ಸ್ಟ್ಯಾಂಡಿಗೆ ಹೋದೆ. ಕನಕಾಂಬರ, ಮಲ್ಲಿಗೆ, ಒದ್ದೆ ಗೋಣಿಚೀಲ. ಮಂಕರಿಗೆ ಒರಗಿಸಿದ ಕ್ಯೂಆರ್ ಕೋಡು, ಪಕ್ಕದಲ್ಲಿ ಮಾತಾಡುವ ಡಬ್ಬಿ. ಆಕೆ ನನ್ನನ್ನು ಗುರುತು ಹಿಡಿದರು.

‘ಬಂತಾ ಸಾರ್, ನಾನು ಹೇಳಿದ್ದು?’

‘ಬಂತಮ್ಮ,’ ಅಂದೆ.

‘ಒಳ್ಳೇದಾಯ್ತು ಬಿಡಿ. ಯಾರಾದ್ರೂ ಓದ್ತಾರೆ.’ ಎರಡು ಮೊಳ ಅಳೆದು, ಕೊಸರಿಗೆ ಒಂದು ಗೇಣು ಸೇರಿಸಿ, ಎಲೆಯಲ್ಲಿ ಸುತ್ತಿ ಕೊಟ್ಟರು. ‘ಎಂಬತ್ತು.’

ಸ್ಕ್ಯಾನ್ ಮಾಡಿದೆ. ಫೋನಿನಲ್ಲಿ ಬಂದಿದ್ದು ಆಕೆಯ ಹೆಸರಲ್ಲ, ಮಗನದು. ಡಬ್ಬಿ ಎಂಬತ್ತು ರೂಪಾಯಿ ಬಂತು ಅಂತ ಕೂಗಿತು.

‘ಅದು ಕೂಗ್ತದೆ,’ ಅಂದರು ಆಕೆ, ಮಲ್ಲಿಗೆಗೆ ನೀರು ಚಿಮುಕಿಸುತ್ತಾ. ‘ರಾತ್ರಿ ಅವನು ಮನೆಗೆ ಬಂದ ಮೇಲೆ ನೋಡಬೇಕು, ಎಷ್ಟು ಕೊಡ್ತಾನೋ.’