"ನೋಡೋದಕ್ಕೇನಿಲ್ಲ" ಅಂದರು

ಮೊನ್ನೆ ಭಾನುವಾರದ ಸಿಟ್ಟು ಇನ್ನೂ ಇಳಿದಿಲ್ಲ. ಬರೆದು ಮುಗಿಸಿದರೆ ಇಳಿಯಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ.

ಗೋವಾದ ವಾಸ್ಕೋದಲ್ಲಿ ನಮ್ಮ ಕನ್ನಡದವರೇ ಸೇರಿ ಮಕ್ಕಳಿಗೆ ಒಂದು ದಿನದ ಪ್ರವಾಸ ಇಟ್ಟಿದ್ದರು. ಕರಾವಳಿಯ ಪ್ರಕೃತಿ, ಪರಂಪರೆ, ಶಿಕ್ಷಣ, ಎಲ್ಲಾ ಒಂದೇ ಬಸ್ಸಿನಲ್ಲಿ. ದೊಡ್ಡವರಲ್ಲಿ ಕೆಲಸವಿಲ್ಲದವನು ನಾನೊಬ್ಬನೇ ಅಂತ ನನ್ನನ್ನೂ ಹತ್ತಿಸಿಕೊಂಡರು. ಓಲ್ಡ್ ಗೋವಾದ ಚರ್ಚುಗಳನ್ನು ನೋಡಿ ಆಯಿತು. 1986ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ, ನೋಡಲೇಬೇಕು, ತಕರಾರಿಲ್ಲ. ಆಮೇಲೆ ಮಿನಿ ಬಸ್ಸನ್ನು ಫೆರಿಗೆ ಹತ್ತಿಸಿ ದಿವಾಡಿ ದ್ವೀಪಕ್ಕೆ ಹೊರಟೆವು. ಫೆರಿಯಲ್ಲಿ ಕದಂಬರ ಬಗ್ಗೆ ಭಾಷಣ. ಗೋವೆಯ ಕದಂಬರ ಮನೆದೇವರು ಸಪ್ತಕೋಟೀಶ್ವರನ ಗುಡಿ ಇದ್ದದ್ದು ಈ ದ್ವೀಪದಲ್ಲೇ, ಅದೂ ನಿಜ. "ಕದಂಬರು ನಮ್ಮವರು!" ಅಂತ ಮಕ್ಕಳ ಕೈಲಿ ಮೂರು ಸಲ ಕೂಗಿಸಿದರು. ಪಕ್ಕದಲ್ಲಿ ಮೀನು ಬುಟ್ಟಿ ಇಟ್ಟುಕೊಂಡಿದ್ದ ಅಜ್ಜಿ ನಮ್ಮನ್ನು ಒಂದು ಥರ ನೋಡಿದಳು.

ಫೆರಿ ಇಳಿದು ಊರಿನ ಕಡೆ ಹೋಗುವ ದಾರಿ ಗೊತ್ತಲ್ಲ, ಎರಡೂ ಕಡೆ ಖಾಜನ್ ಗದ್ದೆ, ಅಂದರೆ ಹೊಳೆಯ ಉಪ್ಪುನೀರನ್ನು ಏರಿ ಕಟ್ಟಿ ತಡೆದ ಗದ್ದೆ. ಅರ್ಧ ಕೊಯ್ಲಾಗಿತ್ತು. ಎಮ್ಮೆಗಳು ಅಡ್ಡ ಬಂದು ಬಸ್ಸು ನಿಂತಿತು. ಕಿಟಕಿ ಪಕ್ಕ ಕೂತಿದ್ದ ಆರನೇ ಕ್ಲಾಸಿನ ಹುಡುಗಿಗೆ ಏರಿಯ ಮಧ್ಯದಲ್ಲಿ ಕಲ್ಲು ಕಟ್ಟಿದ ಒಂದು ಕಂಡಿ ಕಾಣಿಸಿತು, ಅದಕ್ಕೆ ಮರದ ಬಾಗಿಲು. "ನೀರಿಗೆ ಯಾಕೆ ಬಾಗಿಲು? ಯಾರು ಮುಚ್ಚೋದು?" ಅಂತ ಕೇಳಿತು.

ನಮ್ಮ ಗೈಡ್ ಮಹಾಶಯರು ತಲೆ ಕೂಡ ತಿರುಗಿಸಲಿಲ್ಲ. "ಅದು ಕೆಸರು ಗದ್ದೆ ಪುಟ್ಟಾ. ನೋಡೋದಕ್ಕೇನಿಲ್ಲ. ಗುಡ್ಡದ ಮೇಲಿನ ಚರ್ಚಿನಿಂದ ವ್ಯೂ ಸೂಪರ್ ಇದೆ."

ನೋಡೋದಕ್ಕೇನಿಲ್ಲ!

ಆ ಬಾಗಿಲಿಗೆ ಇಲ್ಲಿ ಮಾನಸ್ ಅನ್ನುತ್ತಾರೆ. ಯಾರೂ ಮುಚ್ಚಬೇಕಾಗಿಲ್ಲ. ಭರತದಲ್ಲಿ ಹೊಳೆಯ ಉಪ್ಪುನೀರು ಏರಿ ಬಂದು ತಾನೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ಇಳಿತದಲ್ಲಿ ಹೊಳೆ ಕೆಳಗಿಳಿದಾಗ, ಒಳಗೆ ತುಂಬಿದ ಮಳೆನೀರು ಅದೇ ಬಾಗಿಲನ್ನು ಹೊರಕ್ಕೆ ತಳ್ಳಿ ಹರಿದು ಹೋಗುತ್ತದೆ. ಕರೆಂಟಿಲ್ಲ, ಮೋಟಾರಿಲ್ಲ, ಕಾವಲಿಲ್ಲ. ಈ ಗದ್ದೆಗಳು ಭರತದ ಮಟ್ಟಕ್ಕಿಂತ ಕೆಳಗಿವೆ. ಅಂದರೆ ನಮ್ಮ ಬಸ್ಸು ನಿಂತಿದ್ದ ಜಾಗದ ಆಚೀಚೆ ಎಲ್ಲಾ ದಿನಕ್ಕೆರಡು ಸಲ ನೀರಲ್ಲಿ ಮುಳುಗಬೇಕಾದ ನೆಲ. ಮುಳುಗದೆ ಇರುವುದು ಮಣ್ಣು, ಕಲ್ಲಿನ ಆ ಏರಿಯಿಂದ ಮತ್ತು ಆ ಬಾಗಿಲಿನಿಂದ. ಗೋವಾದಲ್ಲಿ ಇಂಥ ನೆಲ ಸುಮಾರು 18 ಸಾವಿರ ಹೆಕ್ಟೇರ್ ಇದೆ ಅಂತ ಲೆಕ್ಕ. ಪೋರ್ಚುಗೀಸರು ಬರುವ ಮೊದಲೇ ಊರಿನ ಗಾಂವ್ಕರರು, ಅಂದರೆ ಮೂಲ ಒಕ್ಕಲಿನವರು, ಸೇರಿ ಏರಿ ಕಟ್ಟಿ, ಕಾದು, ರಿಪೇರಿ ಮಾಡಿಕೊಂಡು ಬರುತ್ತಿದ್ದರು. 1526ರಲ್ಲಿ ಪೋರ್ಚುಗೀಸರು ಇಲ್ಲಿನ ಕಟ್ಟುಕಟ್ಟಳೆಗಳನ್ನು ಬರೆಸಿದರು. ಅದಕ್ಕೆ ಫೊರಾಲ್ ಅನ್ನುತ್ತಾರೆ. ನಾವು ಬೆಳಿಗ್ಗೆ ಬಾಯಿ ಬಿಟ್ಟುಕೊಂಡು ನೋಡಿದ ಚರ್ಚುಗಳಲ್ಲಿ ದೊಡ್ಡವೆಲ್ಲ ಎದ್ದದ್ದು ಅದಾದ ಮೇಲೆ.

ಈಗ ನನ್ನ ಸಿಟ್ಟು ಯಾಕೆ ಅಂತ ಕುಮಟಾ ಕಡೆಯವರಿಗೆ ಆಗಲೇ ಗೊತ್ತಾಗಿರುತ್ತದೆ. ಇದು ನಮ್ಮ ಅಘನಾಶಿನಿ ಹೊಳೆ ಬದಿಯ ಗಜನಿ ಗದ್ದೆ! ಅದೇ ಏರಿ, ಅದೇ ಬಾಗಿಲು. ನಾವು ಜಂತ್ರಡಿ ಅನ್ನುತ್ತೇವೆ, ಇವರು ಮಾನಸ್ ಅನ್ನುತ್ತಾರೆ. ನಮ್ಮಲ್ಲಿ ಕಗ್ಗ, ಇಲ್ಲಿ ಕೊರ್ಗುಟ್. ಎರಡೂ ಉಪ್ಪು ತಡೆದು ಬೆಳೆಯುವ ಭತ್ತ, ಎರಡರದ್ದೂ ಕೆಂಪಕ್ಕಿ. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಬಾಗಿಲು ಬಿಟ್ಟು ಉಪ್ಪುನೀರು ಒಳಗೆ ತಗೊಂಡು ಮೀನು, ಸಿಗಡಿ. ನಮ್ಮ ಕಡೆ ಕಗ್ಗದ ತೆನೆ ಮಾತ್ರ ಕೊಯ್ದು ಹುಲ್ಲನ್ನು ಹಾಗೇ ಬಿಡುತ್ತಿದ್ದರು. ಅದು ಕೊಳೆತು ಮೀನಿಗೆ ಮೇವು. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಇಳಿತದ ರಾತ್ರಿ ಬಾಗಿಲಿಗೆ ಬಲೆ ಕಟ್ಟಿದರೆ ಬೆಳಗಿನ ಜಾವಕ್ಕೆ ಬುಟ್ಟಿ ತುಂಬ ಶೆಟ್ಲಿ, ಅಂದರೆ ಸಿಗಡಿ. ಹೆಚ್ಚೇನು, ಜುವಾರಿ ಹೊಳೆಗೂ ಒಳನಾಡಿನ ಕಡೆ ಅಘನಾಶಿನಿ ಅಂತಲೇ ಹೆಸರಿದೆ. ಕದಂಬರು ನಮ್ಮವರು ಅಂತ ಕೂಗಿಸಿದಿರಲ್ಲ, ಸ್ವಾಮಿ, ಈ ಕೆಸರೂ ನಮ್ಮದೇ. ಅದಕ್ಕೊಂದು ಜೈ ಇಲ್ಲವಾ?

ಇನ್ನೊಂದು ತಮಾಷೆ ಕೇಳಿ. ಓಲ್ಡ್ ಗೋವಾದ ಏಲಾದಲ್ಲಿ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ. ಬಸ್ಸು ನಿಲ್ಲಿಸಿದ್ದ ಕಡೆಯಿಂದ ದೂರವೇನಲ್ಲ. ಅಲ್ಲಿಯ ವಿಜ್ಞಾನಿಗಳು ಕೊರ್ಗುಟ್‌ನಿಂದಲೇ ಆಯ್ದು ಉಪ್ಪು ತಡೆಯುವ ತಳಿಗಳನ್ನು ಗೋವಾ ಧನ್ ಅನ್ನುವ ಹೆಸರಲ್ಲಿ ಹೊರತಂದಿದ್ದಾರೆ. ಕೆಸರು ಗದ್ದೆಯನ್ನು ನೋಡೋದಕ್ಕೆ ವಿಜ್ಞಾನಿಗಳಿಗೆ ಏನೋ ಇತ್ತು, ನಮ್ಮ ಗೈಡಿಗೆ ಮಾತ್ರ ಏನೂ ಇರಲಿಲ್ಲ. ಸಮುದ್ರದ ಸಂಶೋಧನೆಗೆ 1966ರಲ್ಲೇ ಶುರುವಾದ ರಾಷ್ಟ್ರೀಯ ಸಂಸ್ಥೆ ದೋನಾ ಪಾವ್ಲಾದಲ್ಲಿದೆ. ಅಲ್ಲಿಗೂ ಹೋದೆವು ಅಂದುಕೊಂಡಿರಾ? ದೋನಾ ಪಾವ್ಲಾಗೆ ಹೋದೆವು. ಜೆಟ್ಟಿಯ ಮೇಲೆ ಸೆಲ್ಫಿ ತೆಗೆದು, ಐಸ್‌ಕ್ರೀಮ್ ತಿಂದು ಬಂದೆವು.

ಸಂಜೆ ನಾನು ಗೊಣಗಿದ್ದಕ್ಕೆ ಸಂಘಟಕರಲ್ಲಿ ಒಬ್ಬರು ಹೇಳಿದರು: "ಸಾರ್, ಏರಿ ಮೇಲೆ ಮಕ್ಕಳು ಜಾರಿ ಬಿದ್ದರೆ ಯಾರು ಹೊಣೆ? ಅಮ್ಮಂದಿರು ನಮ್ಮನ್ನ ಬಿಡ್ತಾರಾ?" ಸರಿ, ಮಾತಿಗೆ ಒಪ್ಪೋಣ. ಅದೇ ಮಕ್ಕಳು ಆ ಜೆಟ್ಟಿಯ ಕಟ್ಟೆ ಹತ್ತಿ ಫೋಟೋಕ್ಕೆ ನಿಂತಾಗ ಎಲ್ಲಿಗೆ ಹೋಗಿತ್ತು ಈ ಹೊಣೆ? ಇನ್ನೊಬ್ಬರದು ಬೇರೆ ರಾಗ: "ಈಗ ಈ ಭತ್ತದಲ್ಲಿ ಲಾಭ ಎಲ್ಲಿದೆ? ಆಳಿಗೆ ಕೂಲಿ ಕೊಟ್ಟರೆ ಕೈಯಿಂದಲೇ ಹೋಗುತ್ತೆ." ಲಾಭ ಇಲ್ಲ, ನನಗೂ ಗೊತ್ತು. ಬೆಳಿಗ್ಗೆ ಓಲ್ಡ್ ಗೋವಾದ ಬೆಸಿಲಿಕಾ ಚರ್ಚಿನಲ್ಲಿ ನಿಂತು ಇದರಿಂದ ಎಕರೆಗೆ ಎಷ್ಟು ಬರುತ್ತೆ ಅಂತ ಯಾರಾದರೂ ಕೇಳಿದಿರಾ?

ಏರಿ ಒಡೆದರೆ ಏನಾಗುತ್ತದೆ ಅಂತಲೂ ಆ ಮಕ್ಕಳಿಗೆ ತೋರಿಸಬಹುದಿತ್ತು. ಉಪ್ಪುನೀರು ನುಗ್ಗುತ್ತದೆ. ಒಂದೆರಡು ವರ್ಷ ಭತ್ತ ಬರುವುದಿಲ್ಲ. ಆಮೇಲೆ ಕಾಂಡ್ಲಾ ಗಿಡ (ಮ್ಯಾಂಗ್ರೋವ್) ಏಳುತ್ತದೆ. ಕಾಂಡ್ಲಾ ಎದ್ದ ಮೇಲೆ ಕಾನೂನು ಪ್ರಕಾರ ಕಡಿಯೋ ಹಾಗಿಲ್ಲ, ಗದ್ದೆ ಮುಗಿಯಿತು. ಮಾಂಡವಿ ಹೊಳೆಯಲ್ಲಿ ಅದಿರಿನ ಬಾರ್ಜುಗಳು ಎಬ್ಬಿಸಿದ ಅಲೆಗೆ ಎಷ್ಟೋ ಏರಿಗಳು ಕೊರೆದು ಹೋದವು. ಕೆಲವನ್ನು ಹೊಳೆ ಒಡೆಯಲಿಲ್ಲ, ಸಿಗಡಿ ಸಾಕುವವರು ಬೇಕಂತಲೇ ಒಡೆಸಿದರು.

ಇಲ್ಲಿ ನಾನು ಸ್ವಲ್ಪ ಗಂಟಲು ಸರಿಮಾಡಿಕೊಳ್ಳಬೇಕು.

ನಮ್ಮ ಅಪ್ಪನ ಗಜನಿ ಪಾಲನ್ನು ಸಿಗಡಿ ಕೆರೆಗೆ ಗುತ್ತಿಗೆ ಕೊಟ್ಟ ಕಾಗದದಲ್ಲಿ ನನ್ನ ಸಹಿ ಇದೆ. ಅಪ್ಪ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಪಡಸಾಲೆಯಲ್ಲಿ ಕೂತು ಕವಳ ಹಾಕುತ್ತಿದ್ದರು. ಆ ದುಡ್ಡಲ್ಲಿ ನಾನು ಸ್ಕೂಟರ್ ತಗೊಂಡೆ. ಅದಕ್ಕೂ ಮೊದಲು, ಕಾಲೇಜಿನಲ್ಲಿ, ಡಬ್ಬಿಯ ಕೆಂಪನ್ನ ಪೇಟೆ ಹುಡುಗರಿಗೆ ಕಾಣಬಾರದು ಅಂತ ಮುಚ್ಚಳ ಅರ್ಧ ತೆಗೆದು ಉಣ್ಣುತ್ತಿದ್ದೆ. ಯಾರಾದರೂ ನಿಮ್ಮ ಗದ್ದೆ ತೋರಿಸು ಅಂದಿದ್ದರೆ ನಾನೂ ಅದೇ ಮಾತು ಹೇಳುತ್ತಿದ್ದೆ. ನೋಡೋದಕ್ಕೇನಿಲ್ಲ ಅಂತ. ಅದೇ ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿದಾಗ ಇದೇ ಫೇಸ್‌ಬುಕ್ಕಿನಲ್ಲಿ ಹೆಮ್ಮೆಯಿಂದ ಪೋಸ್ಟ್ ಹಾಕಿದವನೂ ನಾನೇ. ನೀವೆಲ್ಲ ಲೈಕ್ ಒತ್ತಿದ್ದೀರಿ. ಸಹಿ ಮಾಡಿದ ವಿಷಯ ಅದರಲ್ಲಿ ಬರೆದಿರಲಿಲ್ಲ, ಅಷ್ಟೇ.

ಹಾಗಾಗಿ ಆ ಗೈಡಿನ ಮೇಲೆ ಎಷ್ಟು ಸಿಟ್ಟು, ನನ್ನ ಮೇಲೆ ಎಷ್ಟು ಅಂತ ಸರಿಯಾಗಿ ಪಾಲು ಮಾಡಲು ಬರುತ್ತಿಲ್ಲ. ಗೈಡಿನ ಪಾಲೇ ಜಾಸ್ತಿ ಅಂತ ಸದ್ಯಕ್ಕೆ ಇಟ್ಟುಕೊಳ್ಳಿ.

ವಾಪಸ್ಸು ಫೆರಿಯಲ್ಲಿ ಆ ಹುಡುಗಿಯ ಪಕ್ಕ ನಿಂತು ಹೇಳಿದೆ, "ಬಾಗಿಲು ಮುಚ್ಚೋದು ನೀರೇ." ನನ್ನ ಮುಖ ನೋಡಿ, "ಸುಳ್ಳು" ಅಂತು. ಎರಡು ಅಂಗೈ ಜೋಡಿಸಿ ತೋರಿಸಿದೆ, ಈ ಕಡೆಯಿಂದ ತಳ್ಳಿದರೆ ಮುಚ್ಚುತ್ತೆ, ಆ ಕಡೆಯಿಂದ ತಳ್ಳಿದರೆ ತೆರೆಯುತ್ತೆ. ಸ್ವಲ್ಪ ಹೊತ್ತು ಹೊಳೆ ನೋಡಿತು. "ಹಾಗಾದ್ರೆ ಮೀನಿಗೆ ಗೊತ್ತಿರುತ್ತಾ, ಯಾವಾಗ ತೆರೆಯುತ್ತೆ ಅಂತ?" ಕೇಳಿತು. ಐವತ್ತು ವರ್ಷ ಗಜನಿಯ ಮೀನು ತಿಂದವನಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ ನೋಡಿ.

ಬರುವ ಭಾನುವಾರ ಮತ್ತೆ ದಿವಾಡಿಗೆ ಹೋಗುತ್ತಿದ್ದೇನೆ, ಇಳಿತದ ಹೊತ್ತು ನೋಡಿಕೊಂಡು. ಆ ಹುಡುಗಿ, ಅವಳ ತಮ್ಮ, ಇನ್ನಿಬ್ಬರು ಬರುತ್ತಾರೆ. ಹಳೇ ಚಪ್ಪಲಿ, ಇನ್ನೊಂದು ಜೊತೆ ಬಟ್ಟೆ ತನ್ನಿ ಅಂತ ಹೇಳಿದ್ದೇನೆ. ಅವಳ ಅಮ್ಮ ನಿನ್ನೆ ರಾತ್ರಿ ಮೆಸೇಜ್ ಮಾಡಿದ್ದರು: "ಅಲ್ಲಿ ಟಾಯ್ಲೆಟ್ ಇದೆಯಾ ಅಂಕಲ್?" ಇನ್ನೂ ಉತ್ತರ ಕೊಟ್ಟಿಲ್ಲ.