ಮೊಬೈಲ್ ಬಿಡಿಸೋಕೆ ಒಂದು ಆ್ಯಪ್

ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವ ಕೆಲಸ ಬೆಂಗಳೂರಿನಲ್ಲಿ ಭರದಿಂದ ಸಾಗಿದೆ. ಅಷ್ಟೂ ಮೊಬೈಲಿನಲ್ಲೇ ಸಾಗಿದೆ ಅನ್ನೋದೊಂದೇ ಸಣ್ಣ ತೊಡಕು.

ಶಾಲೆಯವರು ರಾತ್ರಿ ಎಂಟೂವರೆಗೆ ವೆಬಿನಾರ್ ಇಡುತ್ತಾರೆ. ವಿಷಯ: ಸ್ಕ್ರೀನ್ ಟೈಮ್ ತಗ್ಗಿಸುವುದು ಹೇಗೆ. ಅವಧಿ ಒಂದೂವರೆ ಗಂಟೆ, ಕ್ಯಾಮೆರಾ ಆನ್ ಇರಲೇಬೇಕು, ಮಕ್ಕಳು ಪಕ್ಕದಲ್ಲಿ ಕೂತಿರಬೇಕು. ಅದು ಮುಗಿಯುತ್ತಿದ್ದಂತೆ ಮೂರನೇ ಕ್ಲಾಸಿನ ಗ್ರೂಪಿಗೆ ಹೋಮ್‌ವರ್ಕ್ ಬಂದು ಬೀಳುತ್ತದೆ: ಈ ವಿಡಿಯೋ ನೋಡಿ 'ಮರಗಳ ಉಪಯೋಗ' ಬರೆಯಿರಿ. ಕಿಟಕಿಯಾಚೆ ಒಂದು ಹೊಂಗೆ ಮರವಿದೆ. ಅದು ಸಿಲಬಸ್‌ನಲ್ಲಿಲ್ಲ.

ಊರಿಗೆ ಕಾಯಿಲೆ ಗೊತ್ತಿಲ್ಲ ಅನ್ನುವಂತಿಲ್ಲ. ನಮ್ಮ ನಿಮ್ಹಾನ್ಸ್ 2014ರಲ್ಲೇ ಈ ಗೀಳಿಗೆಂದು 'ಶಟ್' ಕ್ಲಿನಿಕ್ ತೆರೆಯಿತು. ವರ್ಷ ತುಂಬದ ಕೂಸಿಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಕೂಡದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮರುವರ್ಷವೇ ಕೊರೋನಾ. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಐದನೇ ತರಗತಿಯವರೆಗೆ ಆನ್‌ಲೈನ್ ಪಾಠ ಬೇಡ ಅಂದಿತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆಗ ಮಗುವಿಗೆ ಫೋನ್ ಕೊಡದ ಅಪ್ಪ ಅಮ್ಮ ಬೇಜವಾಬ್ದಾರಿ ಜನ, ಈಗ ಕೊಟ್ಟವರು ಬೇಜವಾಬ್ದಾರಿ ಜನ. ಬೈಸಿಕೊಳ್ಳುವವರಂತೂ ಬದಲಾಗಿಲ್ಲ.

ಪೇರೆಂಟಲ್ ಕಂಟ್ರೋಲ್ ಇದೆಯಲ್ಲ ಅನ್ನುತ್ತೀರಿ. ಇದೆ. ಮಗನ ಟೈಮ್ ಮುಗಿದರೆ 'ಇನ್ನೂ ಹದಿನೈದು ನಿಮಿಷ ಕೊಡಬಹುದೇ?' ಎಂಬ ಅರ್ಜಿ ಅಮ್ಮನ ಫೋನಿಗೆ ಬರುತ್ತದೆ. ಅಮ್ಮ ಮೀಟಿಂಗಿನಲ್ಲಿ ಮೇಜಿನ ಕೆಳಗೆ ನೋಡಿ 'ಇಲ್ಲ' ಒತ್ತುತ್ತಾಳೆ. ಮತ್ತೆ ಅರ್ಜಿ, ಮತ್ತೆ 'ಇಲ್ಲ'. ಹುಡುಗ ಅಜ್ಜಿಯ ಫೋನ್ ಎತ್ತಿಕೊಂಡು ಅಡುಗೆಮನೆ ಸೇರಿದ ಮೇಲೂ ಅಮ್ಮ ಬಿಡುವುದಿಲ್ಲ, ಸಂಜೆತನಕ ಅವನ ಗ್ರಾಫ್ ನೋಡುತ್ತಿರುತ್ತಾಳೆ. ಮಗನದು ನಲವತ್ತು ನಿಮಿಷ ಇಳಿದಿದೆ, ಅಮ್ಮನದು ಎರಡು ಗಂಟೆ ಏರಿದೆ. ಆ್ಯಪ್ ಅಭಿನಂದಿಸುತ್ತದೆ.

ಫೋನ್ ಕಿತ್ತುಕೊಂಡರೆ ಮಗು ಹೋಗಬೇಕಾದದ್ದಾದರೂ ಎಲ್ಲಿಗೆ? ಅಪಾರ್ಟ್‌ಮೆಂಟಿನ ಕೆಳಗಿನ ಬೋರ್ಡ್ ನೋಡಿ. ಕ್ರಿಕೆಟ್ ನಿಷೇಧ, ಫುಟ್‌ಬಾಲ್ ನಿಷೇಧ, ಸೈಕಲ್ ನಿಷೇಧ, ಹುಲ್ಲಿನ ಮೇಲೆ ನಡೆಯುವಂತಿಲ್ಲ. ಅದರಡಿ ಯಾರೋ ಪುಣ್ಯಾತ್ಮರು ಮಾರ್ಕರಿನಲ್ಲಿ ಬರೆದಿದ್ದಾರೆ: ಕಿರುಚಬಾರದು.

"ಮತ್ತೆ ಏನ್ ಆಡೋದು ಅಂಕಲ್?" ಅಂತ ಹುಡುಗನೊಬ್ಬ ಬಾಲ್ ಕಂಕುಳಲ್ಲಿಟ್ಟುಕೊಂಡು ಕೇಳಿದ.

"ಮನೇಗ್ ಹೋಗಿ ಮೊಬೈಲಲ್ಲೇ ಆಡ್ಕೋ ಮರಿ," ಅಂದ ಸೆಕ್ಯುರಿಟಿಯವನು. "ಅಲ್ಲಿ ಎಷ್ಟ್ ಸಿಕ್ಸ್ ಹೊಡುದ್ರೂ ಕಾರ್ ಗ್ಲಾಸ್ ಒಡ್ಯಲ್ಲ."

ಇಡೀ ವಿಚಾರದಲ್ಲಿ ನಿಜ ಮಾತಾಡಿದವನು ಅವನೊಬ್ಬನೇ. ಫುಟ್‌ಪಾತ್ ಬೈಕಿನವರಿಗೆ, ಖಾಲಿ ಸೈಟು ಬಿಲ್ಡರಿಗೆ, ಬೇಸ್‌ಮೆಂಟು ಕಾರಿಗೆ ಅಂತ ಹಂಚಿ ಮುಗಿಸಿದ್ದೇವೆ. ಮಗುವಿನ ಪಾಲಿಗೆ ಉಳಿದಿರುವ ಬಯಲು ಆರು ಇಂಚಿನದು, ಅದನ್ನೂ ಕಿತ್ತುಕೊಳ್ಳಲು ಹೊರಟಿದ್ದೇವೆ. ಸರ್ಜಾಪುರ ರಸ್ತೆಯ ಕಡೆಯವರು ಲಾಲ್‌ಬಾಗಿನ 240 ಎಕರೆ ಹಸಿರು ತೋರಿಸೋಣ ಅಂತ ಹೊರಟರೆ, ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಹಿಂದಿನ ಸೀಟಿನ ರಂಪ ತಾಳಲಾರದೆ ಫೋನ್ ಹಿಂದಕ್ಕೆ ಹೋಗಿರುತ್ತದೆ.

ಅಸೋಸಿಯೇಷನ್ ಸುಮ್ಮನೆ ಕೂತಿಲ್ಲ. ಭಾನುವಾರ ಸಂಜೆ ಏಳರಿಂದ ಎಂಟು 'ಸ್ಕ್ರೀನ್‌ಮುಕ್ತ ಗಂಟೆ' ಎಂದು ನಿರ್ಣಯ ಪಾಸಾಗಿದೆ. ಎಲ್ಲ ಮನೆಯವರೂ ಹದಿನೈದು ನಿಮಿಷಕ್ಕೊಮ್ಮೆ, ಮೊಬೈಲ್ ಮುಟ್ಟದೆ ಕೂತಿರುವ ಕುಟುಂಬದ ಸೆಲ್ಫಿಯನ್ನು ಗ್ರೂಪಿಗೆ ಹಾಕಬೇಕು. ಹೆಚ್ಚು ಲೈಕ್ ಬಿದ್ದ ಮನೆಗೆ ಬಹುಮಾನ. ಹೋದ ವಾರ ಬಿ ಬ್ಲಾಕಿನ ಮೂರನೇ ಮಹಡಿಯವರು ಒಂದೂ ಫೋಟೋ ಹಾಕದೆ ಪಗಡೆ ಆಡುತ್ತಾ ಕೂತುಬಿಟ್ಟಿದ್ದರಂತೆ. ಸಹಕರಿಸದ ಕುಟುಂಬ ಅಂತ ಗ್ರೂಪಿನಲ್ಲಿ ಅವರ ಫ್ಲಾಟ್ ನಂಬರ್ ಹಾಕಿದ್ದಾರೆ. ಅವರು ಇನ್ನೂ ನೋಡಿಲ್ಲ.